ಚಂದಾ ಪಟ್ಟಿಯಿಂದ ಪ್ರಭಾವಾಂಕದವರೆಗೆ

ವಿದ್ವತ್ ಪತ್ರಿಕೆಗಳನ್ನು ಅಂಕಿಗಳಿಂದ ತೂಗುವ ಪದ್ಧತಿಯು ಗ್ರಂಥಾಲಯಗಳ ಹಣದ ಅಡಚಣೆಯಿಂದ ಹುಟ್ಟಿದುದು. ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು, ಸಣ್ಣ ಕಾಲೇಜೊಂದು ರಸಾಯನಶಾಸ್ತ್ರದ ಯಾವ ಪತ್ರಿಕೆಗಳಿಗೆ ಚಂದಾ ಕಟ್ಟಬೇಕೆಂಬುದನ್ನು ಪ್ರಾಧ್ಯಾಪಕರ ಅಭಿರುಚಿಗೆ ಬಿಡದೆ, ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯ 1926ರ ಸಂಪುಟದಲ್ಲಿದ್ದ 3,633 ಉಲ್ಲೇಖಗಳನ್ನು, ಅಂದರೆ ಲೇಖಕರು ತಾವು ಆಧರಿಸಿದ ಹಿಂದಿನ ಬರಹಗಳನ್ನು ಹೆಸರಿಸಿದ ಟಿಪ್ಪಣಿಗಳನ್ನು, ಎಣಿಸಿ ಯಾವ ಪತ್ರಿಕೆಯ ಹೆಸರು ಎಷ್ಟು ಬಾರಿ ಬಂದಿದೆಯೆಂದು 1927ರಲ್ಲಿ ಪ್ರಕಟಿಸಿದರು. ಜರ್ಮನ್ ಪತ್ರಿಕೆಗಳ ಮಹತ್ವವೂ ಆ ಎಣಿಕೆಯಿಂದ ಎದ್ದು ಕಂಡಿತು.

ಲಂಡನ್ನಿನ ಸೈನ್ಸ್ ಮ್ಯೂಸಿಯಂ ಗ್ರಂಥಾಲಯದ ಎಸ್. ಸಿ. ಬ್ರಾಡ್‌ಫರ್ಡ್ 1934ರಲ್ಲಿ ತೋರಿಸಿದ್ದು ಇನ್ನೂ ಸೂಕ್ಷ್ಮವಾದ ಸಂಗತಿ. ಅನ್ವಯಿಕ ಭೂಭೌತಶಾಸ್ತ್ರದ 1,332 ಬರಹಗಳಲ್ಲಿ 429 ಬರಹಗಳು ಕೇವಲ 9 ಪತ್ರಿಕೆಗಳಲ್ಲಿ ಸಿಕ್ಕರೆ, ಮುಂದಿನ 499 ಬರಹಗಳಿಗೆ 59 ಪತ್ರಿಕೆಗಳನ್ನು ನೋಡಬೇಕಾಯಿತು. ಉಳಿದ 404 ಬರಹಗಳು 258 ಪತ್ರಿಕೆಗಳಲ್ಲಿ ಚದುರಿಹೋಗಿದ್ದವು. ಕೊಳ್ಳುವವರಿಗೆ ಇದು ಸಮಾಧಾನದ ಮಾತು, ಹುಡುಕುವವರಿಗೆ ಸಂಕಟದ್ದು. ಬ್ರಾಡ್‌ಫರ್ಡರನ್ನು ಕಾಡಿದ್ದು ಈ ಸಂಕಟವೇ.

ಫಿಲಡೆಲ್ಫಿಯಾದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಸೂಚಿಸಿ 1964ರಲ್ಲಿ ಆರಂಭಿಸಿದ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಮೂಲತಃ ಹುಡುಕಾಟದ ಸಾಧನವಾಗಿತ್ತು. ಅದಕ್ಕೆ ಪತ್ರಿಕೆಗಳನ್ನು ಆರಿಸುವಾಗ, ಹೆಚ್ಚು ಲೇಖನ ಅಚ್ಚುಮಾಡುವ ಪತ್ರಿಕೆಯೇ ಪ್ರತಿ ಬಾರಿ ಮುಂದಾಗಬಾರದೆಂದು ರೂಪಿಸಿದ ಲೆಕ್ಕವೇ ಪ್ರಭಾವಾಂಕ ಅಥವಾ ‘ಇಂಪ್ಯಾಕ್ಟ್ ಫ್ಯಾಕ್ಟರ್’: ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿ ಬರುವ ಅಂಕಿ. ಪತ್ರಿಕೆಯ ಸರಾಸರಿಯಾದ ಇದನ್ನು ಒಬ್ಬೊಬ್ಬ ಲೇಖಕನ ಯೋಗ್ಯತೆಯೆಂದು ಓದತೊಡಗಿದ್ದು ನೇಮಕಾತಿ ಸಮಿತಿಗಳ ಕೆಲಸ; ದುಡಿಮೆ ಉಳಿಸುವ ಹಂಬಲವೇ ಅದಕ್ಕೆ ಕಾರಣವೆನ್ನಬೇಕು.

ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಪ್ರಕಟಣೆಗಳಿಗೆ ಅಂಕ ನಿಗದಿಪಡಿಸಿದ ಮೇಲೆ, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚುಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. ಆಯೋಗ 2017ರಲ್ಲಿ ಸಿದ್ಧಪಡಿಸಿದ ಪಟ್ಟಿಯಿಂದ ಮರುವರ್ಷವೇ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. 2019ರಲ್ಲಿ ಬಂದ ‘ಯುಜಿಸಿ ಕೇರ್’ ಪಟ್ಟಿಯೂ 2025ರಲ್ಲಿ ನಿಂತು, ಪತ್ರಿಕೆಯನ್ನು ಆರಿಸುವ ಹೊಣೆ ಸಂಸ್ಥೆಗಳಿಗೇ ಮರಳಿತು. ಗ್ರಂಥಪಾಲರು ಈಗ ಮೊದಲು ಹೇಳಿಕೊಡಬೇಕಾದುದು, ಮುಖಪುಟದ ಎಂಟು ಅಂಕಿಯ ಐಎಸ್‌ಎಸ್‌ಎನ್ ಕೇವಲ ಪತ್ರಿಕೆಯ ಗುರುತಿನ ಸಂಖ್ಯೆ, ಗುಣಮಟ್ಟದ ಪ್ರಮಾಣಪತ್ರವಲ್ಲ ಎಂಬುದನ್ನು.