ಕುರಿ ಕಂಡ ನೀರು

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರ. ಶನಿವಾರ ಬಂತೆಂದರೆ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಮಧುಗಿರಿಗೆ ಹೊರಡುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಸಮುದ್ರಮಟ್ಟದಿಂದ 3,930 ಅಡಿ ಎತ್ತರ, ಇಡೀ ಬೆಟ್ಟವೇ ಒಂದು ಬಂಡೆ. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತಾರೆ. ಅದು ಹಾಗಿರಲಿ.. ಅಲ್ಲಿ ಕೋಟೆ ಹುಟ್ಟಿದ ಕಥೆ ಕೇಳಿದ್ದೀರಾ?

ಪಾಳೆಯಗಾರ ರಾಜಾ ಹಿರೇಗೌಡನ ಕುರಿಯೊಂದು ಒಂದು ಸಂಜೆ ತಪ್ಪಿಸಿಕೊಂಡಿತಂತೆ. ವಾಪಸ್ ಬಂದಾಗ ಮೈಯೆಲ್ಲ ಒದ್ದೆ! ಹಾಗಾದರೆ ಬೆಟ್ಟದ ಮೇಲೆ ಎಲ್ಲೋ ನೀರಿದೆ ಅಂತ ಗೌಡ ಲೆಕ್ಕ ಹಾಕಿದ. ಅಲ್ಲೇ ಕೋಟೆ ಕಟ್ಟಿಸಿದ.

ಕಥೆ ನಿಜವೋ ಸುಳ್ಳೋ, ಗೌಡನ ಲೆಕ್ಕ ಮಾತ್ರ ಸರಿಯಾಗಿದೆ. ಗೋಡೆ ಎಷ್ಟೇ ಎತ್ತರವಿದ್ದರೂ ನೀರಿಲ್ಲದ ಕೋಟೆ ಮುತ್ತಿಗೆಗೆ ತಡೆಯೋದಿಲ್ಲ. ಬಾಗಿಲ ಮೇಲೆ ಬಾಗಿಲು ದಾಟಿ ಹತ್ತುತ್ತಾ ಹೋದರೆ ಕಣಜಗಳು, ಮಳೆನೀರು ನಿಲ್ಲುವ ದೊಣೆಗಳು ಸಿಗುತ್ತವೆ. ಒಳಗಿದ್ದವರ ಜೀವ ಈ ಎರಡರ ಮೇಲೇ ನಿಂತಿತ್ತು.

ಇಂಥ ಕೋಟೆಯ ಮೇಲೆ ಎಲ್ಲರ ಕಣ್ಣೂ ಬಿತ್ತು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಸೇರಿತು. ಹೈದರಾಲಿ ಇದನ್ನು ಇನ್ನಷ್ಟು ಭದ್ರ ಮಾಡಿಸಿದ. 1763ರಲ್ಲಿ ಬಿದನೂರು ಗೆದ್ದ ಮೇಲೆ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ತಂದು ಸೆರೆಯಿಟ್ಟಿದ್ದು ಇಲ್ಲೇ. ಮಲೆನಾಡಿನ ಮಳೆ ಕಂಡಿದ್ದ ರಾಣಿ, ಈ ಸುಡುಬಂಡೆಯ ಊರಲ್ಲಿ! 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ಟಿಪ್ಪು ಕೋಟೆಯನ್ನು ಮತ್ತೆ ವಶಮಾಡಿಕೊಂಡ.

ಆಗೆಲ್ಲ ವಿಹಾರಕ್ಕೆಂದು ಈ ಬೆಟ್ಟ ಹತ್ತಿದವರು ಯಾರಿದ್ದಾರು? ವಿಹಾರಕ್ಕೆ ಬೇರೆ ಜಾಗ ಇತ್ತು. ಪಕ್ಕದ ಶಿರಾ 1687ರಿಂದ ಮೊಗಲರ ಸುಬಾದ ಮುಖ್ಯಪಟ್ಟಣ. ಅಲ್ಲಿ ಸುಬೇದಾರ ದಿಲಾವರ್ ಖಾನ್ ಖಾನ್ ಬಾಗ್ ಎಂಬ ತೋಟ ಮಾಡಿಸಿದ್ದ. ನಮ್ಮ ಲಾಲ್‌ಬಾಗಿಗೆ ಆ ತೋಟವೇ ಮಾದರಿ ಅಂತಾರೆ. ಅಂದರೆ ತೋಟ ಸುಖಕ್ಕೆ, ಬೆಟ್ಟ ಕಾವಲಿಗೆ ಮತ್ತು ಸೆರೆಗೆ. ಜನರನ್ನು ಹೊರಗಿಡಲು, ಕೆಲವರನ್ನು ಒಳಗಿಡಲು ಮಾಡಿದ ಈ ಕಡಿದಾದ ದಾರಿಯನ್ನು ಇವತ್ತು ನಾವು ಖುಷಿಗೆ ಹತ್ತುತ್ತೇವೆ. ಇತಿಹಾಸ ಇಷ್ಟೊಂದು ಮೆತ್ತಗಾಗಿರುವುದು ಒಳ್ಳೆಯದೇ ಬಿಡಿ.

ಬೇಜಾರಾಗೋದು ಬೇರೆ ಕಾರಣಕ್ಕೆ. ಇಂಥ ಬೆಟ್ಟಗಳ ದೊಣೆಯಲ್ಲಿ ಒಮ್ಮೆ ಇಣುಕಿ ನೋಡಿ. ಪಾಚಿಯ ನಡುವೆ ತೇಲುವ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ.. ಕುಡಿದು ಮುಗಿಸಿದ ನೀರಿನ ಬಾಟಲಿಯನ್ನು ನೀರಿಗೇ ಎಸೆಯೋದು ಎಂಥ ಬುದ್ಧಿ ಸ್ವಾಮಿ? ಅದೂ ಎಂಥ ಸೀಮೆಯಲ್ಲಿ! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂದರೆ ಬರಕ್ಕೆ ಹೆಸರಾದ ತಾಲ್ಲೂಕುಗಳು. ಪಾವಗಡದಲ್ಲಿ ಬೋರ್‌ವೆಲ್ ನೀರು ಸಿಕ್ಕರೂ ಫ್ಲೋರೈಡಿನ ಕಾಟ. ಅಂಥ ಕಡೆ ಬಂಡೆಯ ನೆತ್ತಿಯಲ್ಲಿ ನಿಲ್ಲುವ ಒಂದು ಬೊಗಸೆ ಮಳೆನೀರೂ ದೊಡ್ಡದು. ಇವತ್ತಿಗೂ ಅಲ್ಲಿನ ಕೋತಿಗೆ, ಹಕ್ಕಿಗೆ ಅದೇ ಆಧಾರ.

ಬೆಟ್ಟದ ತುದಿಯಲ್ಲಿ ಗೋಪಾಲಕೃಷ್ಣನ ಗುಡಿ ಪಾಳುಬಿದ್ದಿದೆ. ಅದನ್ನು ರಿಪೇರಿ ಮಾಡುವುದು ನಮ್ಮಿಂದ ಆಗುವ ಕೆಲಸವಲ್ಲ. ದೊಣೆ ಹಾಳು ಮಾಡದೇ ಇರುವುದಂತೂ ಆಗುತ್ತಲ್ಲ? ಮುಂದಿನ ಸಲ ಹೊರಟಾಗ ತುಂಬಿದ ಬಾಟಲಿ ಹೊತ್ತ ಬ್ಯಾಗಿನಲ್ಲೇ ಖಾಲಿ ಬಾಟಲಿಯನ್ನೂ ಇಳಿಸಿ ತನ್ನಿ. ಖಾಲಿ ಬಾಟಲಿ ಏನೂ ಭಾರ ಇರೋದಿಲ್ಲ :-)