ಕಯೋಟಿ ಬೇಟೆ: ಹೊಸಬರು ಮೊದಲು ತಿಳಿಯಬೇಕಾದ್ದು

ಕುರಿಮರಿಗಳನ್ನು ಹಿಡಿಯುವ ಕಯೋಟಿ ಅಮೆರಿಕದ ಸಾಕಣೆದಾರರ ಹಳೆಯ ತಲೆನೋವು. ತೋಳದ ಈ ಚಿಕ್ಕ ಸಂಬಂಧಿಯ ಬೇಟೆಗೆ ಟೆಕ್ಸಾಸ್‌ನಲ್ಲಿ ವರ್ಷವಿಡೀ ಅವಕಾಶವಿದೆ. ಜಮೀನು ಮಾಲೀಕರ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾಲು ಹಿಡಿಯುವ ಉಕ್ಕಿನ ದವಡೆಯ ಟ್ರ್ಯಾಪ್‌ಗೆ 1998ರ ಜನಮತಗಣನೆಯ ಬಳಿಕ ನಿಷೇಧವಿದೆ. ಹಾಗಾಗಿ ಬಂದೂಕು ಕೊಳ್ಳುವ ಮುನ್ನ ಆಯಾ ರಾಜ್ಯದ ನಿಯಮ ಓದಬೇಕು.

ಹೊಸಬರು ಸಾಮಾನ್ಯವಾಗಿ ಗಾಯಗೊಂಡ ಮೊಲದ ಕೂಗು ಹೊರಡಿಸುವ ಸೀಟಿಯಿಂದ ಶುರು ಮಾಡುತ್ತಾರೆ. ಕಯೋಟಿ ಮಾತ್ರ ನೇರ ಬರುವುದು ಕಡಿಮೆ. ಸುತ್ತು ಹಾಕಿ, ಬೇಟೆಗಾರನ ವಾಸನೆ ಗಾಳಿಯಲ್ಲಿ ಸಿಗುವ ಕಡೆಯಿಂದ ಬರುತ್ತದೆ. ಆ ದಿಕ್ಕು ಬಯಲಾಗಿ ಕಾಣುವಂತೆ ಕೂರಬೇಕು.

ಟ್ರ್ಯಾಪ್ ಇಟ್ಟವರು ದಿನವೂ ನೋಡಿಬರಲೇಬೇಕು, ಸಾಕುನಾಯಿಯೂ ಸಿಕ್ಕಿಬೀಳಬಹುದು. ದೊಡ್ಡ ಅಪಾಯ ಗುರುತು ತಪ್ಪುವುದು: ತೋಳದ ಮೂತಿ ಅಗಲ, ಕಿವಿ ದುಂಡು, ಕಯೋಟಿಯವು ಚೂಪು. ಹಲವೆಡೆ ತೋಳ ಕೊಂದರೆ ಕೇಸು ಬೀಳುತ್ತದೆ. ಸಂಶಯವಿದ್ದರೆ ಗುಂಡು ಹಾರಿಸಬಾರದು.

ಅಂದಹಾಗೆ, ಭಾರತದಲ್ಲಿ ಇದೇ ಬಳಗದ ನರಿಯ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.