ಉಸಿರಿಗೆ ಕಾಯದ ಯಂತ್ರ

1778ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ವೈದ್ಯ ಜಾನ್ ಮಡ್ಜ್ ಕೆಮ್ಮಿನ ಚಿಕಿತ್ಸೆಯ ಬಗ್ಗೆ ಒಂದು ಪುಸ್ತಕ ಬರೆದ. ತಾನೇ ಯೋಚಿಸಿ ಮಾಡಿಸಿದ ಒಂದು ಪಾತ್ರೆಯ ವಿವರವನ್ನೂ ಅದರಲ್ಲಿ ಕೊಟ್ಟ. ಬಿಯರ್ ಕುಡಿಯುವ ತವರದ ದೊಡ್ಡ ಮಗ್ಗು, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಬಾಗುವ ಕೊಳವೆ, ಹಿಡಿಯಲ್ಲಿ ಗಾಳಿಯಾಡಲು ತೂತುಗಳು. ಬಿಸಿನೀರು ತುಂಬಿಸಿ, ಹಾಸಿಗೆಯಲ್ಲಿ ಹೊದಿಕೆಯೊಳಗೆ ಇಟ್ಟುಕೊಂಡು, ಕೊಳವೆಗೆ ಬಾಯಿ ಹಚ್ಚಿ ಉಸಿರಾಡಬೇಕು. ಈ ಪಾತ್ರೆಗೆ ಆತ ಕೊಟ್ಟ ಹೆಸರು 'ಇನ್ಹೇಲರ್'. ಆ ಪದ ಅಲ್ಲಿಂದಲೇ ಬಂದದ್ದು.

ಈ ಮಗ್ಗಿನ ಬಗ್ಗೆ ಓದುವಾಗ ನನಗೆ ಮುಖ್ಯವಾಗಿ ಕಂಡದ್ದು ಅದರ ತಾಳ್ಮೆ. ರೋಗಿ ಎಳೆದಾಗ ಹಬೆ ಬರುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಕೆಮ್ಮು ಬಂದರೆ ಮಗ್ಗು ಕಾಯುತ್ತದೆ. ನಿದ್ದೆ ಬಂದರೂ ಕಾಯುತ್ತದೆ. ಉಸಿರಾಡಲು ಬಂದರೆ ಸಾಕು, ಬೇರೇನೂ ಕಲಿಯಬೇಕಿಲ್ಲ.

ಮುಂದಿನ ಸುಮಾರು 180 ವರ್ಷ ಉಸಿರಿನ ಮೂಲಕ ಔಷಧ ಕೊಡುವ ಸಾಧನಗಳ ಸ್ವಭಾವ ಹೆಚ್ಚುಕಡಿಮೆ ಹೀಗೇ ಇತ್ತು. ಇದರಲ್ಲಿ ನಮ್ಮ ಕಡೆಯ ಒಂದು ಗಿಡದ ಪಾಲೂ ಇದೆ. ದತ್ತೂರಿಯನ್ನು ಒಣಗಿಸಿ ಅದರ ಹೊಗೆ ಎಳೆದರೆ ಉಬ್ಬಸ ಇಳಿಯುತ್ತದೆ ಎಂಬುದು ಇಲ್ಲಿನ ಹಳೆಯ ತಿಳಿವಳಿಕೆ. ಮದ್ರಾಸಿನಲ್ಲಿದ್ದ ಕಂಪನಿ ಸರ್ಕಾರದ ವೈದ್ಯ ಜೇಮ್ಸ್ ಆಂಡರ್‌ಸನ್ ಅದನ್ನು ಬಳಸುತ್ತಿದ್ದ. ಅವನಿಂದ ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಎಡಿನ್‌ಬರೋಗೆ ಮುಟ್ಟಿಸಿದ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಯೂರೋಪಿನ ಔಷಧದಂಗಡಿಗಳಲ್ಲಿ ಆಸ್ತಮಾ ಸಿಗರೇಟುಗಳು ಮಾರಾಟಕ್ಕಿದ್ದವು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಇಂಥ ಸಿಗರೇಟು, ಹೊಗೆಪುಡಿಗಳ ಖಾಯಂ ಗಿರಾಕಿ. ಇಂದು ಕೇಳಿದರೆ ನಗು ಬರುತ್ತದೆ, ಉಬ್ಬಸಕ್ಕೆ ಸಿಗರೇಟು! ಆದರೆ ಒಂದು ಅನುಕೂಲವಿತ್ತು. ಹೊಗೆ ಎಳೆದು ಎದೆಯಲ್ಲಿ ನಿಲ್ಲಿಸುವುದನ್ನು ಯಾವ ವೈದ್ಯನೂ ಹೇಳಿಕೊಡಬೇಕಿರಲಿಲ್ಲ. ಸಮಾಜವೇ ಕಲಿಸಿತ್ತು.

ಇದು ಮುರಿದದ್ದು 1956ರಲ್ಲಿ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಆಸ್ತಮಾ ಇತ್ತು. ಗಾಜಿನ ಬುರುಡೆಗೆ ರಬ್ಬರಿನ ಚೆಂಡು ಸಿಕ್ಕಿಸಿದ ಸಾಧನವನ್ನು ಅವಳು ಒತ್ತಿ ಒತ್ತಿ ಬಳಸಬೇಕಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧವನ್ನೂ ಡಬ್ಬಿಯಲ್ಲಿ ತುಂಬಿಸಿ ಯಾಕೆ ಕೊಡಬಾರದು ಎಂದು ಅಪ್ಪನನ್ನು ಕೇಳಿದಳಂತೆ. ಸುಗಂಧದ್ರವ್ಯದ ಬಾಟಲಿಗಾಗಿ ತಯಾರಾಗಿದ್ದ, ಒಂದು ಒತ್ತಿಗೆ ಒಂದೇ ಅಳತೆ ಹೊರಬಿಡುವ ಕವಾಟ ಆಗಲೇ ಇತ್ತು. ಅದನ್ನು ಬಳಸಿ 'ಮೆಡಿಹೇಲರ್' ಮಾರುಕಟ್ಟೆಗೆ ಬಂತು. ಇಂದು ನಾವು ಪಂಪು ಎಂದು ಕರೆಯುವ ಸಾಧನದ ಮೂಲ ಅದು.

ಮಗಳ ಪ್ರಶ್ನೆಯ ಕಥೆಯನ್ನು ವೈದ್ಯಕೀಯ ಚರಿತ್ರೆಯ ಬರಹಗಳೆಲ್ಲ ಇಷ್ಟಪಟ್ಟು ಹೇಳುತ್ತವೆ. ಅಲ್ಲಿ ಅಷ್ಟಾಗಿ ಹೇಳದ ಸಂಗತಿ ಇನ್ನೊಂದಿದೆ. ಈ ಯಂತ್ರ ರೋಗಿಯ ಉಸಿರಿಗೆ ಕಾಯುವುದಿಲ್ಲ. ಒತ್ತಿದ ಅರೆಕ್ಷಣದಲ್ಲಿ ಔಷಧ ರಭಸದಿಂದ ಹೊರಬಿದ್ದು ಮುಗಿಯಿತು. ಒತ್ತುವ ಬೆರಳು, ಎಳೆಯುವ ಎದೆ ಎರಡೂ ಒಟ್ಟಿಗೆ ಹೊರಡಬೇಕು. ಬೆರಳು ಮೊದಲಾದರೆ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಉಸಿರು ಮುಗಿಯುವಾಗ ಒತ್ತಿದರೆ ಅದನ್ನು ಒಯ್ಯಲು ಗಾಳಿಯೇ ಇರುವುದಿಲ್ಲ. ಕೂದಲು ಓಡಿಹೋಗುವುದಿಲ್ಲ, ಎಲ್ಲಿ ಹೊಡೆದರೂ ನಿಂತಿರುತ್ತದೆ. ಶ್ವಾಸಕೋಶ ಹಾಗಲ್ಲ.

ವಿಚಿತ್ರವೆಂದರೆ, ಇಷ್ಟು ನಾಜೂಕಿನ ಸಾಧನ 1960ರ ದಶಕದ ಬ್ರಿಟನ್ನಿನಲ್ಲಿ ಕೆಲಕಾಲ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. ಅದೇ ವರ್ಷಗಳಲ್ಲಿ ಆಸ್ತಮಾ ಸಾವುಗಳು ಏರಿದವು, ಹೆಚ್ಚು ಶಕ್ತಿಯ ಐಸೊಪ್ರಿನಾಲಿನ್ ಪಂಪಿನ ಮೇಲೆ ಅನುಮಾನ ಬಿತ್ತು, 1968ರಲ್ಲಿ ಮುಕ್ತ ಮಾರಾಟ ನಿಂತಿತು. ಔಷಧವೇ ಕಾರಣವೋ, ಅದನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದದ್ದೋ ಎಂಬ ವಾದ ಬಹಳ ಕಾಲ ನಡೆಯಿತು.

ಒತ್ತಿದ ಔಷಧ ನಿಜಕ್ಕೂ ಎಲ್ಲಿಗೆ ಹೋಗುತ್ತದೆ? ಲಂಡನ್ನಿನಲ್ಲಿ ಸ್ಟೀಫನ್ ನ್ಯೂಮನ್ ಮತ್ತು ಸಂಗಡಿಗರು ವಿಕಿರಣಶೀಲ ಕಣಗಳನ್ನು ಪಂಪಿನಲ್ಲಿ ತುಂಬಿಸಿ ಅಳೆದು, 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಶ್ವಾಸಕೋಶ ಮುಟ್ಟಿದ್ದು ಸುಮಾರು ಶೇ. 9. ಶೇ. 80ರಷ್ಟು ಬಾಯಿ ಗಂಟಲುಗಳಲ್ಲೇ ಉಳಿದಿತ್ತು. ಸರಿಯಾಗಿ ಎಳೆದರೂ ಇಷ್ಟು. ತಪ್ಪಿದರೆ ಈ ಒಂಬತ್ತೂ ಕೈತಪ್ಪುತ್ತದೆ.

ಆಮೇಲಾದರೂ ಜನ ಕಲಿತರೇ? ಸ್ಪೇನಿನ ಹೊಆಕಿಮ್ ಸಾಂಚಿಸ್ ಮತ್ತು ಸಂಗಡಿಗರು 1975ರಿಂದ 2014ರವರೆಗಿನ 144 ವರದಿಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದರು. ಐವತ್ತು ಸಾವಿರಕ್ಕೂ ಹೆಚ್ಚು ರೋಗಿಗಳು. ಪೂರ್ತಿ ಸರಿಯಾಗಿ ಬಳಸಿದವರು ಶೇ. 31 ಮಾತ್ರ, ಕಳಪೆಯಾಗಿ ಬಳಸಿದವರೂ ಅಷ್ಟೇ ಮಂದಿ. ಪಂಪು ಬಳಸುವವರಲ್ಲಿ ಶೇ. 45ರಷ್ಟು ಜನ ಬೆರಳು-ಉಸಿರಿನ ಹೊಂದಾಣಿಕೆಯಲ್ಲಿ ತಪ್ಪಿದ್ದರು, ಶೇ. 46 ಜನ ಎಳೆದ ಮೇಲೆ ಉಸಿರು ಹಿಡಿದಿರಲಿಲ್ಲ. ನಲವತ್ತು ವರ್ಷದಲ್ಲಿ ಔಷಧಗಳು ಎಷ್ಟೋ ಸುಧಾರಿಸಿದವು, ಬಳಕೆ ಮಾತ್ರ ಇದ್ದಲ್ಲೇ ಇತ್ತು.

ಇದನ್ನು ಓದಿದ ಕೂಡಲೇ 'ರೋಗಿಗಳಿಗೆ ತಿಳಿವಳಿಕೆ ಸಾಲದು' ಎನ್ನುವುದು ಸುಲಭ. ನನಗೆ ಈ ಮಾತಿನ ಬಗ್ಗೆ ತಕರಾರಿದೆ. ಕಲಿಸಬೇಕಾದ ವೈದ್ಯರು, ನರ್ಸುಗಳು, ಫಾರ್ಮಸಿಸ್ಟುಗಳನ್ನೇ ಪರೀಕ್ಷಿಸಿದ ಅಧ್ಯಯನಗಳನ್ನು ಅದೇ ಬಳಗದ ಸಂಶೋಧಕರು 2018ರಲ್ಲಿ ಒಟ್ಟುಗೂಡಿಸಿದಾಗ, ಸರಿಯಾಗಿ ಮಾಡಿ ತೋರಿಸಿದವರು ನೂರಕ್ಕೆ 15ರ ಆಸುಪಾಸು ಮಾತ್ರ ಎಂದು ಕಂಡಿತು. ಗುರುವಿಗೇ ಬಾರದ ರಾಗವನ್ನು ಶಿಷ್ಯ ತಪ್ಪಾಗಿ ಹಾಡಿದನೆಂದು ಬೈಯುವುದು ಯಾವ ನ್ಯಾಯ?

ಸಾಧನಗಳು ಹೆಚ್ಚಾದಂತೆ ಗೊಂದಲವೂ ಹೆಚ್ಚಿತು. ರೋಜರ್ ಆಲ್ಟೂನ್ಯನ್ ಎಂಬ ವೈದ್ಯ, ತಾನೂ ಆಸ್ತಮಾ ರೋಗಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ವಿಮಾನದ ಪಂಖದ ತತ್ವ ಬಳಸಿ ಆತ 'ಸ್ಪಿನ್‌ಹೇಲರ್' ರೂಪಿಸಿದ. ಎಳೆದ ಉಸಿರಿಗೆ ಪುಟ್ಟ ಪಂಖ ತಿರುಗಿ, ಕ್ಯಾಪ್ಸೂಲಿನ ಪುಡಿ ಗಾಳಿಗೆ ಸೇರುತ್ತಿತ್ತು. (ಆರ್ಥರ್ ರ‍್ಯಾನ್ಸಮ್‌ನ 'ಸ್ವಾಲೋಸ್ ಅಂಡ್ ಅಮೆಜಾನ್ಸ್' ಓದಿದವರಿಗೆ ಅದರಲ್ಲಿನ ಚಿಕ್ಕ ಹುಡುಗ ರೋಜರ್ ನೆನಪಿರಬಹುದು. ಆ ಪಾತ್ರಕ್ಕೆ ಮಾದರಿಯಾದ ಹುಡುಗ ಇವನೇ.) ಪುಡಿಯ ಸಾಧನಗಳಲ್ಲಿ ಬೆರಳಿನ ತಾಳ ತಪ್ಪುವ ಭಯವಿಲ್ಲ. ಆದರೆ ಪುಡಿ ಏಳಬೇಕಾದರೆ ಉಸಿರನ್ನು ಬಿರುಸಾಗಿ, ಜೋರಾಗಿ ಎಳೆಯಬೇಕು. ಪಂಪಿಗೋ ನಿಧಾನವಾದ ದೀರ್ಘ ಉಸಿರು ಬೇಕು. ಎರಡೂ ಬರೆದುಕೊಟ್ಟ ಚೀಟಿ ಹಿಡಿದು ಮನೆಗೆ ಬಂದವರು ಎರಡಕ್ಕೂ ಒಂದೇ ಉಸಿರು ಬಳಸಿದರೆ ಆಶ್ಚರ್ಯವೇನಿಲ್ಲ.

ನಮ್ಮಲ್ಲಿ ಬಹಳ ಕಾಣುವ ರೋಟಾಹೇಲರ್ ಈ ಪುಡಿಯ ಜಾತಿಯದು. ಕ್ಯಾಪ್ಸೂಲ್ ಕಂಡರೆ ನುಂಗುವುದು ನಮ್ಮೆಲ್ಲರ ಅಭ್ಯಾಸ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2008ರಲ್ಲಿ ಇಂಥ ಕ್ಯಾಪ್ಸೂಲುಗಳನ್ನು ಜನ ನುಂಗುತ್ತಿದ್ದಾರೆ ಎಂದು ಎಚ್ಚರಿಕೆ ಹೊರಡಿಸಿತ್ತು.

ಕನ್ನಡದಲ್ಲಿ ಹೇಳಿಕೊಡುವಾಗ ಮಾತಿನ ತೊಡಕೂ ಇದೆ. 'ಹೀರಿ' ಎಂದರೆ ಜನ ಸ್ಟ್ರಾದಲ್ಲಿ ಎಳನೀರು ಹೀರಿದಂತೆ ಕೆನ್ನೆ ಒಳಗೆ ಎಳೆದುಕೊಳ್ಳುತ್ತಾರೆ. ಹೀರುವುದು ಕೆನ್ನೆಯ ಕೆಲಸ, ಉಸಿರೆಳೆಯುವುದು ಎದೆಯ ಕೆಲಸ. ಇನ್ನು 'ಹೊಡೆದುಕೊಳ್ಳಿ' ಎಂದರಂತೂ ಬಾಯಿಗೆ ಸೆಂಟು ಹೊಡೆದಂತೆಯೇ ಆಗುತ್ತದೆ. ನಮ್ಮ ಬಂಧುಗಳಲ್ಲೇ ಒಬ್ಬ ದೊಡ್ಡಮ್ಮ ಹೀಗೆ ತಿಂಗಳುಗಟ್ಟಲೆ ಹೊಡೆದುಕೊಂಡು, ಇದು ನನ್ನ ಮೈಗೆ ಒಗ್ಗಲಿಲ್ಲ ಕಣೇ ಎಂದು ಪಂಪನ್ನು ಕಪಾಟಿಗೆ ಹಾಕಿದ್ದರು. ಅವರಿಗೆ ಚೀಟಿ ಸಿಕ್ಕಿತ್ತು, ಡಬ್ಬಿ ಸಿಕ್ಕಿತ್ತು. ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ, ತುಟಿ ಮುಚ್ಚಿ, ಎಳೆಯಲು ಶುರುಮಾಡುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ ಎಂದು ಎದುರು ಕೂತು ಮಾಡಿಸಿದವರು ಯಾರೂ ಇರಲಿಲ್ಲ.

ಪಣಕ್ಕಿರುವುದು ಸಣ್ಣದಲ್ಲ. 2016ರ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ, ಎಂದರೆ ಶ್ವಾಸನಾಳಗಳು ಮತ್ತೆ ತೆರೆಯದಂತೆ ಕಿರಿದಾಗುವ ಕಾಯಿಲೆ ಇರುವವರು ಸುಮಾರು 5.5 ಕೋಟಿ. ಬೀಡಿಯೊಂದೇ ಕಾರಣವಲ್ಲ. ಮೈಸೂರು ಸುತ್ತಲಿನ ಹಳ್ಳಿಗಳ ಹೆಂಗಸರ ಮೇಲೆ ನಡೆದ ಅಧ್ಯಯನವೊಂದು, ಸೌದೆ ಒಲೆಯ ಮುಂದೆ ಕಳೆದ ದಿನದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ ನೋಡಿತು. ಆ ಲೆಕ್ಕ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಂಡಿತು. ದಿನಕ್ಕೆ 3 ಗಂಟೆಯಂತೆ 20 ವರ್ಷ ಅಡುಗೆ ಮಾಡಿದವರು ಆ ಗೆರೆ ಮುಟ್ಟಿರುತ್ತಾರೆ. ಹೋದ ಶ್ವಾಸಕೋಶ ಮರಳುವುದಿಲ್ಲ. ಉಳಿದದ್ದರಲ್ಲಿ ಮೆಟ್ಟಿಲು ಹತ್ತಲು, ರಾತ್ರಿ ಮಲಗಲು ಆಗುವಂತೆ ಮಾಡುವುದು ಈ ಔಷಧವೇ. ಅದು ತಲುಪದಿದ್ದಾಗ ಔಷಧ ನಾಟಲಿಲ್ಲ ಎಂದುಕೊಂಡು ಡೋಸು ಏರಿಸುತ್ತಾರೆ, ಬೆಲೆ ಏರುತ್ತದೆ. 'ಪಂಪಿಗೆ ಬಂತು ಎಂದರೆ ಕೊನೆಯ ಹಂತ' ಎಂಬ ಊರಿನ ಮಾತು ಗಟ್ಟಿಯಾಗುತ್ತದೆ. ಒಮ್ಮೆ ಕಲಿತವರೂ ಕೆಲವು ತಿಂಗಳಲ್ಲಿ ಮರೆಯುತ್ತಾರೆ, ಹಾಗಾಗಿ ಪ್ರತಿ ಭೇಟಿಯಲ್ಲೂ ಮಾಡಿಸಿ ನೋಡಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ನೂರಾರು ಜನ ಸಾಲುಗಟ್ಟಿದ ಓಪಿಡಿಯಲ್ಲಿ ಆ ಐದು ನಿಮಿಷ ಯಾರ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ಮಾತ್ರ ಅವು ಹೇಳುವುದಿಲ್ಲ.

ಯಂತ್ರಕ್ಕೇ ಕಾಯಲು ಕಲಿಸುವ ಪ್ರಯತ್ನವೂ ನಡೆದಿದೆ. ಪಂಪು ಮತ್ತು ಬಾಯಿಯ ನಡುವೆ ಒಂದು ಟೊಳ್ಳು ಡಬ್ಬಿ ಇಡುವುದು. ಅದಕ್ಕೆ ಸ್ಪೇಸರ್ ಎನ್ನುತ್ತಾರೆ. ಔಷಧ ಅದರೊಳಗೆ ಕೆಲವು ಕ್ಷಣ ತೇಲುತ್ತಿರುತ್ತದೆ, ರೋಗಿ ತನ್ನ ವೇಗದಲ್ಲಿ ಉಸಿರಾಡಿಕೊಳ್ಳಬಹುದು. ಅಂಗಡಿಯ ಸ್ಪೇಸರ್ ಬಡವರ ಕೈಗೆಟುಕದ ದಕ್ಷಿಣ ಆಫ್ರಿಕಾದಲ್ಲಿ, ಕೇಪ್‌ಟೌನಿನ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು ತಂಪು ಪಾನೀಯದ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿಯ ಅಳತೆಗೆ ತೂತು ಕೊರೆದು, ಸಂದಿಗೆ ಅಂಟು ಹಾಕಿ ಪರೀಕ್ಷಿಸಿದರು. ಉಬ್ಬಸ ಎದ್ದ ಮಕ್ಕಳಲ್ಲಿ ಆ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು ಎಂದು 1999ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿಯಾಯಿತು. ಅಂಟು ಹಾಕದ ಬಾಟಲಿ ಅಷ್ಟು ಫಲ ಕೊಡಲಿಲ್ಲ, ಥರ್ಮೋಕೋಲ್ ಲೋಟ ಇನ್ನೂ ಕಡಿಮೆ.

ಪ್ಲಾಸ್ಟಿಕ್ ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ಬಟ್ಟೆಯಿಂದ ತಿಕ್ಕಿ ಒರೆಸಿದರೆ ಒಳಗೋಡೆಯಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧವೆಲ್ಲ ಗೋಡೆಗೇ ಅಂಟಿಕೊಳ್ಳುತ್ತದೆ. ಪಾತ್ರೆ ತೊಳೆದ ಮೇಲೆ ಒರೆಸಿಡುವ ಅಭ್ಯಾಸವಿರುವ ನಮ್ಮ ಮನೆಗಳಲ್ಲಿ ಇದನ್ನು ಮೊದಲೇ ಹೇಳಬೇಕಾಗುತ್ತದೆ.